ಏಳೆಲೆ ಸ್ಟಡ್: ನಿಮ್ಮ ಎಲೆ ಆಮೇಲೆ, ಮೊದಲು ಮೇಜು ನೋಡಿ

ಬಸವನಗುಡಿಯಲ್ಲಿ ಗೆಳೆಯನ ಮನೆ. ಶನಿವಾರ ಸಂಜೆ ಎಂಟು ಜನ ಮೇಜಿನ ಸುತ್ತ ಕೂತಿದ್ದೆವು. ಆರು ಜನ ಸಾಫ್ಟ್‌ವೇರ್‌ನವರು, ಪೋಕರ್‌ನ ಟೆಕ್ಸಾಸ್ ಹೋಲ್ಡಮ್ ಆಡಿ ಪಳಗಿದವರು. ಏಳನೆಯವನು ನಾನು. ಎಂಟನೆಯವರು ಗೆಳೆಯನ ದೊಡ್ಡಪ್ಪ. ಬ್ಯಾಂಕಿನಿಂದ ನಿವೃತ್ತರಾದವರು, ಮೂವತ್ತು ವರ್ಷ ರಮ್ಮಿ ಬಿಟ್ಟು ಬೇರೆ ಆಟ ಮುಟ್ಟದವರು. ಚಿಪ್ಸ್ ಬದಲು ಚೌಕಾಬಾರದ ಡಬ್ಬಿಯಲ್ಲಿದ್ದ ಹುಣಸೆ ಬೀಜ. ಅವತ್ತು ಪೋಕರ್‌ನದ್ದೇ ಇನ್ನೊಂದು ಬಗೆ, ಸೆವೆನ್ ಕಾರ್ಡ್ ಸ್ಟಡ್ ಆಡೋಣ ಅಂದಿದ್ದು ನಾನೇ. ಎರಡು ಗಂಟೆ ಕಳೆಯುವಷ್ಟರಲ್ಲಿ ಬೀಜದ ರಾಶಿ ದೊಡ್ಡಪ್ಪನ ಮುಂದಿತ್ತು.

ನಾನು ಆಟಿನ್ ಫ್ಲಶ್‌ಗೆ (ಐದೂ ಎಲೆ ಒಂದೇ ಜಾತಿ) ಕಾದು ಕಾದು ಸೋತ ಮೇಲೆ, ಎಲೆ ಕಲೆಸುತ್ತಾ ಅವರು ಕೇಳಿದರು: ‘ಏನಪ್ಪಾ, ನಾಲ್ಕು ಆಟಿನ್ ಆಗ್ಲೇ ಮೇಜಿನ ಮೇಲೆ ಬಿದ್ದಿದ್ವಲ್ಲ, ನೀನು ಯಾರನ್ನ ಕಾಯ್ತಾ ಇದ್ದೆ?’

ಸ್ಟಡ್ ಆಟದ ಪಾಠವೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ರಮ್ಮಿಯಲ್ಲಿ ಯಾರು ಯಾವ ಎಲೆ ಬಿಸಾಡಿದರು ಅಂತ ನೆನಪಿಟ್ಟುಕೊಳ್ಳುವ ಅಭ್ಯಾಸ ನಿಮಗಿದ್ದರೆ ಅರ್ಧ ಆಟ ಬಂದ ಹಾಗೆ.

ಮೊದಲು ಆಟದ ಚೌಕಟ್ಟು

ಹೋಲ್ಡಮ್‌ನಲ್ಲಿ ಐದು ಎಲೆ ಎಲ್ಲರಿಗೂ ಸೇರಿದ್ದು. ಸ್ಟಡ್‌ನಲ್ಲಿ ಹಾಗಿಲ್ಲ, ನಿಮ್ಮ ಏಳು ಎಲೆ ನಿಮಗೆ ಮಾತ್ರ. ಮೊದಲು ಎರಡು ಮುಚ್ಚಿದ ಎಲೆ, ಒಂದು ತೆರೆದ ಎಲೆ. ಆಮೇಲೆ ಒಂದೊಂದಾಗಿ ಮೂರು ತೆರೆದ ಎಲೆ. ಕೊನೆಯ ಏಳನೆಯದು ಮತ್ತೆ ಮುಚ್ಚಿದ್ದು. ಅಂದರೆ ನಾಲ್ಕು ಎಲೆ ಎಲ್ಲರಿಗೂ ಕಾಣುತ್ತವೆ, ಮೂರು ನಿಮಗೆ ಮಾತ್ರ. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿ ಕೈ ಕಟ್ಟಬೇಕು.

ಎಲ್ಲರೂ ಮೊದಲೇ ಸಣ್ಣ ಮೊತ್ತ ಹಾಕುತ್ತಾರೆ. ತೀನ್ ಪತ್ತಿಯವರು ಬೂಟ್ ಅನ್ನುವುದು ಇದನ್ನೇ. ಇಲ್ಲಿ ಇದರ ಹೆಸರು ಆಂಟೆ. ತೆರೆದ ಎಲೆ ಯಾರದು ಎಲ್ಲಕ್ಕಿಂತ ಚಿಕ್ಕದೋ ಅವರು ಕಡ್ಡಾಯವಾಗಿ ಒಂದು ಸಣ್ಣ ಬೆಟ್ ಹಾಕಿ ಶುರು ಮಾಡಬೇಕು. ಇದು ಬ್ರಿಂಗ್-ಇನ್. ಇಬ್ಬರಿಗೂ ಎರಡರ ಎಲೆಯೇ ಬಂದಿದ್ದರೆ ಜಾತಿ ನೋಡುತ್ತಾರೆ: ಕಳಾವರ್ ಎಲ್ಲಕ್ಕಿಂತ ಕೆಳಗೆ, ಅದರ ಮೇಲೆ ಡೈಮಂಡ್, ಆಮೇಲೆ ಆಟಿನ್, ಮೇಲುಗಡೆ ಇಸ್ಪೀಟ್. ಜಾತಿಯ ಮೇಲು ಕೀಳು ಇಷ್ಟಕ್ಕೆ ಮಾತ್ರ. ಪಾಟ್, ಅಂದರೆ ಮಧ್ಯೆ ಸೇರಿದ ಮೊತ್ತ, ಯಾರಿಗೆ ಅನ್ನುವಾಗ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಾಲ್ಕನೇ ಎಲೆಯಿಂದ ಉಲ್ಟಾ. ತೆರೆದ ಎಲೆಗಳಲ್ಲಿ ಯಾರದು ದೊಡ್ಡದಾಗಿ ಕಾಣುತ್ತದೋ ಅವರು ಮೊದಲು ಮಾತಾಡಬೇಕು. ಹಾಗಾಗಿ ಸರದಿ ಪ್ರತಿ ಸುತ್ತಿಗೂ ಬದಲಾಗಬಹುದು. ಮೊಬೈಲ್ ನೋಡುತ್ತಾ ಕೂತವರು ಸಿಕ್ಕಿಬೀಳುವುದು ಇಲ್ಲೇ.

ಬೆಟ್ ಸಾಮಾನ್ಯವಾಗಿ ಮಿತಿಯೊಳಗೆ ಇರುತ್ತದೆ. ಮೂರನೇ, ನಾಲ್ಕನೇ ಎಲೆಗೆ ಸಣ್ಣ ಬೆಟ್, ಐದರಿಂದ ಏಳರವರೆಗೆ ಅದರ ಎರಡರಷ್ಟು. ನಾಲ್ಕನೇ ಎಲೆಗೇ ಯಾರದ್ದಾದರೂ ಜೋಡಿ ತೆರೆದು ಕಂಡರೆ ದೊಡ್ಡ ಬೆಟ್ ಹಾಕುವ ಅವಕಾಶವೂ ಉಂಟು. ಎಂಟು ಜನರಿಗೆ ಏಳೇಳು ಅಂದರೆ 56 ಎಲೆ, ಕಟ್ಟಿನಲ್ಲಿರುವುದು 52 ಅಲ್ವಾ ಅಂತ ಕೇಳಬೇಡಿ. ಎಂಟೂ ಜನ ಕೊನೆತನಕ ಉಳಿಯುವುದು ತೀರಾ ಅಪರೂಪ. ಉಳಿದರೆ ಏಳನೆಯ ಎಲೆಯನ್ನು ಒಂದೇ ಒಂದು, ಎಲ್ಲರಿಗೂ ಸೇರಿ, ಮಧ್ಯದಲ್ಲಿ ಇಡುತ್ತಾರೆ.

ಮೂರು ಎಲೆ: ಇಲ್ಲಿ ನಿಧಾನ ಮಾಡಿ

ಎಲೆ ಬಂದ ತಕ್ಷಣ ನಿಮ್ಮ ಮುಚ್ಚಿದ ಎರಡರ ಮೇಲೆ ಬೀಳಬೇಡಿ. ಅವು ಎಲ್ಲಿಗೂ ಓಡಿಹೋಗುವುದಿಲ್ಲ. ಓಡಿಹೋಗುವುದು ಬೇರೆಯವರ ತೆರೆದ ಎಲೆಗಳು. ಒಬ್ಬ ಪ್ಯಾಕ್ ಮಾಡಿದ (ಆ ಕೈ ಬಿಟ್ಟುಕೊಟ್ಟ) ಕೂಡಲೇ ಅವನ ಎಲೆ ಮಗುಚಿ ಮಾಯ. ಆದ್ದರಿಂದ ಮೊದಲು ಏಳೂ ಜನರ ತೆರೆದ ಎಲೆ ಎಡದಿಂದ ಬಲಕ್ಕೆ ಓದಿಕೊಳ್ಳಿ, ಆಮೇಲೆ ನಿಮ್ಮದನ್ನು ಎತ್ತಿ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಲೆಕ್ಕ ನೋಡಿ. ನಿಮ್ಮ ಕೈಯಲ್ಲಿ ಮೂರೂ ಆಟಿನ್ ಇವೆ: ರಾಜ, ಗುಲಾಮ, ಒಂಬತ್ತು. ಬೇರೆಯವರ ಎಲೆ ನೋಡದೆ ಲೆಕ್ಕ ಹಾಕಿದರೆ ಏಳನೇ ಎಲೆಯೊಳಗೆ ಫ್ಲಶ್ ಆಗುವ ಸಾಧ್ಯತೆ ಸುಮಾರು 18%. ಈಗ ಕಣ್ಣು ಬಿಟ್ಟು ನೋಡಿ. ಎದುರಿನ ಏಳು ತೆರೆದ ಎಲೆಗಳಲ್ಲಿ ಒಂದೂ ಆಟಿನ್ ಇಲ್ಲದಿದ್ದರೆ ಅದು ಸುಮಾರು 24%ಕ್ಕೆ ಏರುತ್ತದೆ. ಮೂರು ಆಟಿನ್ ಕಂಡರೆ 12%ಕ್ಕೆ ಇಳಿಯುತ್ತದೆ. ಕೈ ಅದೇ, ಎಲೆ ಅವೇ, ಬೆಲೆ ಮಾತ್ರ ಅರ್ಧಕ್ಕರ್ಧ. ನಾಲ್ಕು ಕಂಡರೆ 9%. ನಾನು ಅವತ್ತು ಕಾಯುತ್ತಿದ್ದದ್ದು ಆ 9%ಗೆ.

ಜೋಡಿಗೂ ಇದೇ ಮಾತು. ಕೈಯಲ್ಲಿ ಎರಡು ರಾಣಿ ಇದ್ದು ಇನ್ನೊಂದು ರಾಣಿ ಎದುರಿಗೆ ಕಂಡರೆ, ಮೂರಾಗಿಸಲು ಉಳಿದಿರುವುದು ಒಂದೇ ಎಲೆ. ಇನ್ನೂ ಕಟ್ಟಿನಲ್ಲಿರಬಹುದಾದ ಎಲೆಗೆ ಆಟಗಾರರು ಲೈವ್ ಅನ್ನುತ್ತಾರೆ, ಹೊರಗೆ ಕಂಡದ್ದಕ್ಕೆ ಡೆಡ್.

ಹಾಗಾದರೆ ಯಾವ ಕೈ ಹಿಡಿಯಬೇಕು? ಮೂರೂ ಒಂದೇ ಸಂಖ್ಯೆ ಬಂದರೆ ಪ್ರಶ್ನೆಯೇ ಇಲ್ಲ, ಆದರೆ ಅದು 425 ಸಲಕ್ಕೊಮ್ಮೆ. ಯಾವುದಾದರೂ ಜೋಡಿ ಬರುವುದು ಹೆಚ್ಚುಕಡಿಮೆ ಆರು ಸಲಕ್ಕೊಮ್ಮೆ. ದೊಡ್ಡ ಜೋಡಿ ಒಳ್ಳೆಯದು. ಅದು ಎರಡೂ ಮುಚ್ಚಿದ ಎಲೆಗಳಲ್ಲಿದ್ದರೆ ಇನ್ನೂ ಒಳ್ಳೆಯದು, ಯಾರಿಗೂ ವಾಸನೆ ಹತ್ತುವುದಿಲ್ಲ. ಸಣ್ಣ ಜೋಡಿಯ ಜೊತೆ ಎಕ್ಕವೋ ರಾಜನೋ ಇದ್ದು, ಎರಡೂ ಲೈವ್ ಆಗಿದ್ದರೆ ನೋಡಬಹುದು. ಒಂದೇ ಜಾತಿಯ ಮೂರು, ಸಾಲಾಗಿ ಬಂದ ದೊಡ್ಡ ಮೂರು, ಇವು ಲೈವ್ ಆಗಿದ್ದರೆ ಮಾತ್ರ. ಉಳಿದದ್ದು ಪ್ಯಾಕ್. ಬೇಜಾರಾಗುತ್ತದೆ, ನಿಜ. ಸುಮ್ನೆ ಕೂತಿರುವುದೂ ಆಟದ ಒಂದು ಭಾಗ.

ಮೊತ್ತ ಏರಿದಾಗ ಏನು ಬದಲಾಗುತ್ತದೆ?

ದೊಡ್ಡ ಮೇಜಿನಲ್ಲಿ ಎಲ್ಲರೂ ಎದೆಗಾರರು, ಕಂಡಕಂಡ ಕೈಗೆಲ್ಲ ಬೆಟ್ ಏರಿಸುತ್ತಾರೆ ಅನ್ನುವ ಕಲ್ಪನೆ ಇದೆ. ಹೆಚ್ಚು ಏರಿಸುವುದು ನಿಜ, ಆದರೆ ಕಾರಣ ಧೈರ್ಯಕ್ಕಿಂತ ಜಾಸ್ತಿ ಲೆಕ್ಕದಲ್ಲಿದೆ. ದೊಡ್ಡ ಮೇಜಿನಲ್ಲಿ ಬೆಟ್‌ಗೆ ಹೋಲಿಸಿದರೆ ಬೂಟ್ ಸಾಮಾನ್ಯವಾಗಿ ದಪ್ಪ.

ಸಣ್ಣ ಬೆಟ್ 100, ದೊಡ್ಡದು 200, ಬ್ರಿಂಗ್-ಇನ್ 30 ಅಂತಿಟ್ಟುಕೊಳ್ಳಿ. ಬೂಟ್ ತಲೆಗೆ 5 ಆದರೆ ಎಂಟು ಜನರದ್ದು 40, ಬ್ರಿಂಗ್-ಇನ್ ಸೇರಿ ಪಾಟ್‌ನಲ್ಲಿ 70. ಎಲ್ಲರನ್ನೂ ಪ್ಯಾಕ್ ಮಾಡಿಸಿ ಅದನ್ನು ಕದಿಯಲು ನೀವು 100 ಹಾಕಬೇಕು. ಹತ್ತರಲ್ಲಿ ಆರು ಸಲ ಎಲ್ಲರೂ ಪ್ಯಾಕ್ ಮಾಡದಿದ್ದರೆ ನಷ್ಟ. ಬೂಟ್ 25 ಆದರೆ ಪಾಟ್‌ನಲ್ಲಿ 230. ಅದೇ 100ಕ್ಕೆ ಮೂರರಲ್ಲಿ ಒಂದು ಸಲ ದಕ್ಕಿದರೂ ಸಾಕು. ನಿಮ್ಮ ತೆರೆದ ಎಲೆ ಎಕ್ಕ, ಇನ್ನು ಮಾತಾಡಬೇಕಾದವರದ್ದು ನಾಲ್ಕು, ಏಳು, ಎರಡು. ಕೈಯಲ್ಲಿ ಏನೂ ಇಲ್ಲದಿದ್ದರೂ ಒಂದು ಬೆಟ್ ಹಾಕುವುದು ಹುಚ್ಚಾಟವಲ್ಲ. ಆದರೆ ಎದುರಿಗೆ ಇನ್ನೊಂದು ಎಕ್ಕ ಕಾಣುತ್ತಿದ್ದರೆ ಸುಮ್ಮನಿರಿ. ನಿಮ್ಮ ಹತ್ತಿರ ಎಕ್ಕದ ಜೋಡಿ ಇದೆ ಅನ್ನುವ ಕತೆಯನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ.

ಅಂದಹಾಗೆ, ಜಗತ್ತಿನ ದೊಡ್ಡ ಮೇಜುಗಳಲ್ಲಿ ಸ್ಟಡ್ ಒಂಟಿಯಾಗಿ ಬರುವುದು ಕಡಿಮೆ, ಬೇರೆ ಆಟಗಳ ಜೊತೆ ಸರದಿಯಲ್ಲಿ ಬರುತ್ತದೆ. ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 2006ರಲ್ಲಿ 50,000 ಡಾಲರ್ ಪ್ರವೇಶ ಶುಲ್ಕದ ‘ಹಾರ್ಸ್’ ಟೂರ್ನಿ ಶುರುವಾಯಿತು. ಅದರಲ್ಲಿ ಐದು ಆಟ, ಐದರಲ್ಲಿ ಮೂರು ಸ್ಟಡ್ ಕುಟುಂಬದವು. ಮೊದಲ ವರ್ಷ ಗೆದ್ದ ಚಿಪ್ ರೀಸ್ ಸ್ಟಡ್ ಆಟದಲ್ಲಿ ದೊಡ್ಡ ಹೆಸರು.

ನಾಲ್ಕು, ಐದು: ಬಿಡುವ ಜಾಗ

ನಾಲ್ಕನೇ ಎಲೆಗೆ ನಿಮ್ಮದು ಒಂದೇ ಜಾತಿಯ ನಾಲ್ಕಾದರೆ, ಮುಂದೆ ಫ್ಲಶ್ ಆಗುವ ಸಾಧ್ಯತೆ ಸುಮಾರು 47%. ಹಿಡಿದುಕೊಳ್ಳಿ. ಬೇರೆ ಜಾತಿಯ ಸಣ್ಣ ಎಲೆ ಬಂತು, ಎದುರಿನವನು ಗಟ್ಟಿಯಾಗಿ ಬೆಟ್ ಮಾಡುತ್ತಿದ್ದಾನೆ ಅಂದರೆ ಹೆಚ್ಚಿನ ಸಲ ಬಿಡುವುದೇ ಸರಿ.

ಇನ್ನೊಂದು ಸೂಚನೆ. ಎದುರಾಳಿ ಶುರುವಿನಿಂದ ಜೋರಾಗಿದ್ದಾನೆ. ಅವನ ಮೊದಲ ತೆರೆದ ಎಲೆ ಗುಲಾಮ. ಈಗ ಇನ್ನೊಂದು ಗುಲಾಮ ತೆರೆದು ಬಿತ್ತು. ‘ಜೋಡಿ ತಾನೇ, ನನ್ನ ಹತ್ತಿರ ರಾಣಿ ಜೋಡಿ ಇದೆ’ ಅಂದುಕೊಂಡು ಉಳಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ, ನಾನೂ ಒಬ್ಬ. ಜೋಡಿ ಹಿಡಿದು ಆಟಕ್ಕಿಳಿದವನ ಜೋಡಿಯಲ್ಲಿ ಒಂದು ಎಲೆ ಹೆಚ್ಚಾಗಿ ಆ ಮೊದಲ ತೆರೆದ ಎಲೆಯೇ ಆಗಿರುತ್ತದೆ. ಅಂದರೆ ಈಗ ಅವನ ಹತ್ತಿರ ಮೂರು ಗುಲಾಮರಿರುವ ಅಪಾಯ ದೊಡ್ಡದು. ಅದೇ ಎರಡನೇ ತೆರೆದ ಎಲೆ ಜೋಡಿಯಾದರೆ ಭಯ ಅಷ್ಟಿಲ್ಲ. ಯಾವ ಎಲೆ ಮೊದಲು ಬಂತು ಅನ್ನುವುದನ್ನು ನೆನಪಿಡಬೇಕಾದದ್ದು ಇದಕ್ಕೇ.

ಐದನೇ ಎಲೆಗೆ ಬೆಟ್ ಎರಡರಷ್ಟಾಗುತ್ತದೆ. 100/200ರ ಮೇಜಿನಲ್ಲಿ ಇಲ್ಲಿಂದ ಕೊನೆಯವರೆಗೆ ಹೋಗಲು, ಯಾರೂ ಏರಿಸದಿದ್ದರೂ 600 ಬೇಕು. ಇಲ್ಲಿ ಉಳಿದವರು ಸಾಮಾನ್ಯವಾಗಿ ಏಳರ ತನಕ ಉಳಿಯುತ್ತಾರೆ. ಹಾಗಾಗಿ ಬಿಡುವುದಿದ್ದರೆ ಐದರಲ್ಲೇ ಬಿಡಿ. ಆರರಲ್ಲಿ ಬಿಡುವವನು ಮೆಜೆಸ್ಟಿಕ್‌ಗೆ ಟಿಕೆಟ್ ತಗೊಂಡು ಕಾರ್ಪೊರೇಷನ್‌ನಲ್ಲಿ ಇಳಿದ ಹಾಗೆ.

ಏಳನೇ ಎಲೆಯಲ್ಲಿ ಲೆಕ್ಕ ಉಲ್ಟಾ ಆಗುತ್ತದೆ. ಎದುರಾಳಿಯ ಬೆಟ್ ಸೇರಿ ಪಾಟ್‌ನಲ್ಲಿ 2000 ಇದೆ, ನೋಡಲು 200 ಕೊಡಬೇಕು. ಹನ್ನೊಂದರಲ್ಲಿ ಒಂದು ಸಲ ಗೆದ್ದರೂ ಸಮ. ಅವನು ಬ್ಲಫ್ ಮಾಡುತ್ತಿರಬಹುದು, ನಿಮ್ಮ ಜೋಡಿ ಅದನ್ನು ಸೋಲಿಸುತ್ತದೆ ಅನ್ನುವ ಸಣ್ಣ ಅನುಮಾನವಿದ್ದರೂ ಕೊಟ್ಟು ನೋಡಿ. ಅವನ ತೆರೆದ ನಾಲ್ಕು ಎಲೆಯನ್ನೇ ಸೋಲಿಸಲು ಆಗದಿದ್ದರೆ ಮಾತ್ರ ಕೊಡಬೇಡಿ. ಇದು ನಗುವ ವಿಷಯವಲ್ಲ, ಹಾಗೆ ಕೊಟ್ಟವರಿದ್ದಾರೆ.

ಮೇಜಿನ ಮರ್ಯಾದೆ

ಮುಚ್ಚಿದ ಎಲೆ ಒಂದೇ ಸಲ ನೋಡಿ, ನೆನಪಿಟ್ಟುಕೊಳ್ಳಿ, ಮೇಲೆ ಒಂದು ಚಿಪ್ ಇಡಿ. ಮತ್ತೆ ಮತ್ತೆ ಎತ್ತಿ ನೋಡಿದರೆ ಗುಟ್ಟು ಬಿಟ್ಟುಕೊಟ್ಟಂತೆ. ಮೂರನೇ ಡೈಮಂಡ್ ತೆರೆದು ಬಿದ್ದಾಗ ಒಬ್ಬ ಮುಚ್ಚಿದ ಎಲೆ ಎತ್ತಿ ನೋಡಿದ ಅಂದರೆ, ಫ್ಲಶ್ ಇನ್ನೂ ಕಟ್ಟಿಲ್ಲದೇ ಇರಬಹುದು. ಎರಡೂ ಡೈಮಂಡ್ ಆಗಿದ್ದರೆ ಅವನಿಗೆ ಚೆನ್ನಾಗಿ ನೆನಪಿರುತ್ತಿತ್ತು.

ತೆರೆದ ಎಲೆಗಳನ್ನು ಬಂದ ಕ್ರಮದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಇಡಿ. ಒಂದರ ಮೇಲೊಂದು ಸೇರಿಸಿ ಮುಚ್ಚಬೇಡಿ. ಸರದಿ ಬರುವ ಮೊದಲೇ ‘ನಾನು ಪ್ಯಾಕ್’ ಅನ್ನಬೇಡಿ. ನಿಮ್ಮ ಹಿಂದಿನವನಿಗೆ ಪುಕ್ಕಟೆ ಮಾಹಿತಿ, ಮುಂದಿನವನಿಗೆ ಅನ್ಯಾಯ. ಬೆಟ್ ಒಂದೇ ಸಲ ಮುಂದಿಡಿ. ಸ್ವಲ್ಪ ಇಟ್ಟು, ಎದುರಿನವರ ಮುಖ ನೋಡಿ, ಇನ್ನಷ್ಟು ಇಡುವುದು ನಡೆಯುವುದಿಲ್ಲ. ಪ್ಯಾಕ್ ಮಾಡಿದ ಮೇಲೆ ಬಾಯಿ ಕೂಡ ಪ್ಯಾಕ್. ‘ಅಯ್ಯೋ, ನಾನು ರಾಜ ಬಿಸಾಡಿಬಿಟ್ಟೆ’ ಅಂತ ಆಟದ ಮಧ್ಯೆ ಹೇಳಿದರೆ ರಾಜನಿಗಾಗಿ ಕಾಯುತ್ತಿದ್ದವನ ಆಟ ಕೆಡುತ್ತದೆ. ದೊಡ್ಡಪ್ಪ ನನ್ನನ್ನು ಕೇಳಿದ್ದು ಪಾಟ್ ಮುಗಿದ ಮೇಲೆ, ಗಮನಿಸಿ.

ಗೆದ್ದ ಕೈ ತಿಳಿದಿದ್ದೂ ಬೇಕಂತಲೇ ನಿಧಾನಕ್ಕೆ ತೋರಿಸುವ ಚಟ ಕೆಲವರಿಗಿದೆ. ಅದು ಕೆಟ್ಟ ನಡತೆ. ಸೋತ ಹೊಸಬನಿಗೆ ‘ಹಾಗ್ಯಾಕೆ ಆಡಿದೆ’ ಅಂತ ಪಾಠ ಮಾಡುವುದು ಇನ್ನೂ ಕೆಟ್ಟದ್ದು. ಮನೆ ಆಟವಾದರೆ ನಿಪ್ಪಟ್ಟು, ಕೋಡುಬಳೆ ತಿಂದ ಕೈ ಒರೆಸಿಕೊಂಡು ಎಲೆ ಮುಟ್ಟಿ. ಎಣ್ಣೆ ಗುರುತು ಬಿದ್ದ ಇಸ್ಪೀಟ್ ಎಕ್ಕವನ್ನು ಹಿಂದಿನಿಂದಲೇ ಗುರುತು ಹಿಡಿಯಬಹುದು.

ಕಾನೂನಿನ ವಿಷಯ ಒಂದೆರಡು ಸಾಲು. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಪಾಸ್ ಮಾಡಿದ ಕಾಯ್ದೆ ನಿಷೇಧಿಸುತ್ತದೆ. ಮೇಜಿನ ಮೇಲಿನ ಆಟಕ್ಕೆ ಕರ್ನಾಟಕ ಪೊಲೀಸ್ ಕಾಯ್ದೆ, 1963 ಇದೆ. ಅದರಲ್ಲಿ ಜೂಜು ಅಪರಾಧ, ಕೌಶಲದ ಆಟಕ್ಕೆ ವಿನಾಯಿತಿ. ಪೋಕರ್ ಯಾವ ಕಡೆ ಅನ್ನುವ ವಾದ ಕೋರ್ಟ್ ಮೆಟ್ಟಿಲು ಹತ್ತಿದೆ. ನಮ್ಮ ಮೇಜಿನಲ್ಲಿ ಹುಣಸೆ ಬೀಜ ಇರುವುದು ಸುಮ್ನೆ ಅಲ್ಲ.

ಅಭ್ಯಾಸ

ಒಂದು ಕಟ್ಟು ತಗೊಳ್ಳಿ. ಚೆನ್ನಾಗಿ ಕಲೆಸಿ ಏಳು ಎಲೆ ತೆರೆದು ಸಾಲಾಗಿ ಇಡಿ. ಹತ್ತು ಸೆಕೆಂಡ್ ನೋಡಿ ಮಗುಚಿ. ಈಗ ಹೇಳಿ: ಎಷ್ಟು ಆಟಿನ್, ಎಷ್ಟು ಕಳಾವರ್, ಎಕ್ಕ ಇತ್ತಾ, ರಾಜ ಇತ್ತಾ? ಏಳನ್ನೂ ಬಿಡಿಬಿಡಿಯಾಗಿ ನೆನಪಿಡಲು ಹೋದರೆ ತಲೆ ಕೆಡುತ್ತದೆ. ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ಫೋನ್ ನಂಬರ್ ಹಾಗೆ ಮನಸ್ಸಿನಲ್ಲೇ ಓದಿಕೊಳ್ಳಿ: ಮೂರು, ಐದು, ಐದು, ಎಂಟು, ಒಂಬತ್ತು, ಗುಲಾಮ, ರಾಜ. ಜಾತಿಗೆ ಇನ್ನೊಂದು ಎಣಿಕೆ. ಹೊಸ ಎಲೆ ಬಿದ್ದ ಹಾಗೆ ಪಟ್ಟಿಗೆ ಸೇರಿಸುತ್ತಾ ಹೋಗಿ.

ನಾನು ಮೂರು ವಾರ, ಬೆಳಿಗ್ಗೆ ಕಾಫಿ ಇಳಿಯುವ ತನಕ ಇದನ್ನು ಮಾಡಿದೆ. ಈಗ ಏಳರಲ್ಲಿ ಆರು ನೆನಪಿರುತ್ತದೆ. ದೊಡ್ಡಪ್ಪನಿಗೆ ಹೇಳಿದೆ. ‘ಆ ಏಳನೇದು ಯಾವ್ದು ಅಂತ ನಂಗೊತ್ತಿರತ್ತೆ ಬಿಡು’ ಅಂದು ಎಲೆ ಹಂಚಲು ಶುರು ಮಾಡಿದರು.