ಖಾಸಗಿ ಕೆಲಸದಿಂದ ನಿವೃತ್ತಿ: ತಾರೀಖು ಗೊತ್ತುಮಾಡುವ ಬಗೆ

ಸರ್ಕಾರಿ ನೌಕರರು ನಿವೃತ್ತಿಯ ದಿನವನ್ನು ಹುಡುಕಬೇಕಾಗಿಲ್ಲ, ಅದು ಸೇವಾ ಪುಸ್ತಕದಲ್ಲೇ ಇರುತ್ತದೆ. ಖಾಸಗಿ ಕಂಪನಿಗಳಲ್ಲಿ 58 ಎಂಬ ನಿಯಮ ಇದ್ದರೂ 55ಕ್ಕೇ ಸಾಕೆನ್ನುವವರಿದ್ದಾರೆ, 60ರವರೆಗೆ ಎಳೆಯುವವರೂ ಇದ್ದಾರೆ. ಯಾರೇ ಆಗಲಿ, ಲೆಕ್ಕವನ್ನು ವಯಸ್ಸಿನಿಂದ ಶುರುಮಾಡಬಾರದು, ಮನೆಖರ್ಚಿನಿಂದ ಶುರುಮಾಡಬೇಕು.

ಪೂರ್ತಿ ಒಂದು ವರ್ಷದ ಖರ್ಚು ಬರೆದಿಡಿ. ಒಂದು ತಿಂಗಳದ್ದನ್ನು ಹನ್ನೆರಡರಿಂದ ಗುಣಿಸಿದರೆ ಆಸ್ತಿ ತೆರಿಗೆ, ಗಾಡಿ ಇನ್ಶೂರೆನ್ಸ್, ಊರಿನ ಜಾತ್ರೆ, ಮದುವೆ ಮನೆಗಳ ಮುಯ್ಯಿ ಎಲ್ಲ ಲೆಕ್ಕದಿಂದ ತಪ್ಪಿಹೋಗುತ್ತವೆ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಇಂದಿನ 40,000 ರೂಪಾಯಿಯ ಸಂಸಾರಕ್ಕೆ 12 ವರ್ಷದ ನಂತರ 80,000 ಬೇಕು. ಮಕ್ಕಳ ಮದುವೆ, ಓದಿಗೆ ಬೇಕಾದ್ದನ್ನು ಮೊದಲೇ ಬೇರೆ ತೆಗೆದಿಡಿ. ಉಳಿದದ್ದಷ್ಟೇ ನಿವೃತ್ತಿಯ ದುಡ್ಡು. ಪಿಎಫ್ ಹಣ ಕರಗುವುದು ಹೆಚ್ಚಾಗಿ ಛತ್ರದ ಬಾಡಿಗೆ, ಒಡವೆಗಳಲ್ಲೇ. ಮನೆ ಸಾಲದ ಕಂತು ಇನ್ನೂ ನಾಲ್ಕೈದು ವರ್ಷ ಬಾಕಿಯಿದ್ದರೆ ಕೆಲಸ ಬಿಡುವ ಮಾತು ಸದ್ಯಕ್ಕೆ ಬೇಡ.

ಪಿಎಫ್ ಪಿಂಚಣಿ ನಂಬಿ ತಾರೀಖು ಇಡಬೇಡಿ

ಪಿಎಫ್ ಜೊತೆಗಿರುವ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿಗೆ ಕನಿಷ್ಠ 10 ವರ್ಷದ ಸೇವೆ ಬೇಕು. ಸೂತ್ರ ಸರಳ: ಪಿಂಚಣಿಗೆ ಲೆಕ್ಕವಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳ ಎಷ್ಟೇ ಇರಲಿ, ಹೆಚ್ಚಿನ ಪಿಂಚಣಿ ಆರಿಸಿಕೊಳ್ಳದವರಿಗೆ 15,000 ರೂಪಾಯಿಯೇ ಮಿತಿ. ಆ ಮಿತಿ ಬಂದದ್ದು 2014ರ ಸೆಪ್ಟೆಂಬರ್‌ನಲ್ಲಿ. ಅದಕ್ಕೆ ಹಿಂದಿನ ಸೇವೆಗೆ 6,500 ರೂಪಾಯಿಯ ಲೆಕ್ಕವೇ. ಇದನ್ನು ಮರೆತು ಎಲ್ಲ ವರ್ಷಕ್ಕೂ 15,000 ಹಿಡಿಯುವವರೇ ಹೆಚ್ಚು. 2002ರ ಸೆಪ್ಟೆಂಬರ್‌ನಿಂದ 2026ರ ಆಗಸ್ಟ್‌ವರೆಗೆ 24 ವರ್ಷ ದುಡಿದವರು, 20 ವರ್ಷ ದಾಟಿದವರಿಗೆ ಸಿಗುವ 2 ವರ್ಷದ ಬೋನಸ್ ಸೇರಿಸಿ, ತಿಂಗಳಿಗೆ 5,571 ಬರುತ್ತದೆಂದು ಕಾದಿರುತ್ತಾರೆ. ಕೈಗೆ ಬರುವುದು 4,000ದ ಆಸುಪಾಸು.

58 ತುಂಬಿದ ಮೇಲೆ ಕೆಲಸದಲ್ಲಿ ಮುಂದುವರಿದರೂ ಈ ಪಿಂಚಣಿ ಪಡೆಯಬಹುದು. ಹಾಗಾಗಿ ಪಿಂಚಣಿಗೋಸ್ಕರ ಕೆಲಸ ಬಿಡಬೇಕಾಗಿಲ್ಲ. ಅದನ್ನು 60ಕ್ಕೆ ಮುಂದೂಡಿದರೆ ವರ್ಷಕ್ಕೆ ಶೇ 4 ಹೆಚ್ಚು ಕೊಡುತ್ತಾರೆ ನಿಜ. ಆದರೆ 4,000 ರೂಪಾಯಿಯ ಪಿಂಚಣಿಯನ್ನು ಎರಡು ವರ್ಷ ಬಿಟ್ಟರೆ 96,000 ಹೋಯಿತು, ಸಿಕ್ಕಿದ್ದು ತಿಂಗಳಿಗೆ ಸುಮಾರು 320 ಹೆಚ್ಚು. ಬಿಟ್ಟದ್ದು ವಾಪಸ್ ಬರಲು 25 ವರ್ಷ ಹಿಡಿಯುತ್ತದೆ! ಮುಂದೂಡುವುದರಲ್ಲಿ ಅರ್ಥವಿಲ್ಲ. 50ರ ನಂತರ 58ಕ್ಕೆ ಮೊದಲೇ ತೆಗೆದುಕೊಂಡರೆ ಕಡಿಮೆಯಾಗುವ ಪ್ರತಿ ವರ್ಷಕ್ಕೂ ಶೇ 4 ಕಡಿತ, ಅದೂ ಜೀವನಪೂರ್ತಿ. ಪಿಎಫ್ ಇರುವ ಕೆಲಸದಲ್ಲಿರುವಾಗ ಅದೂ ಸಿಗದು.

ತಿಂಗಳು ಆರಿಸುವಾಗ

ಗ್ರಾಚ್ಯುಟಿಯಲ್ಲಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟಿನಲ್ಲಿ, ಒಂದೆರಡು ವಾರಕ್ಕೂ ಬೆಲೆಯಿದೆ. ಕೊನೆಯ ಮೂಲ ವೇತನ ಮತ್ತು ಡಿಎ ಸೇರಿ 52,000 ಇದ್ದರೆ ಅದನ್ನು 15ರಿಂದ ಗುಣಿಸಿ 26ರಿಂದ ಭಾಗಿಸಿ. ಪ್ರತಿ ವರ್ಷದ ಸೇವೆಗೆ 30,000 ಬಂತು. ಕೊನೆಯಲ್ಲಿ ಉಳಿಯುವ ಬಿಡಿ ತಿಂಗಳುಗಳು ಆರು ದಾಟಿದರೆ ಪೂರ್ತಿ ವರ್ಷವೆಂದೇ ಲೆಕ್ಕ, ದಾಟದಿದ್ದರೆ ಸೊನ್ನೆ. 1999ರ ಅಕ್ಟೋಬರ್ 10ಕ್ಕೆ ಸೇರಿದವರು 2026ರ ಮಾರ್ಚ್ 31ಕ್ಕೆ ಬಿಟ್ಟರೆ 26 ವರ್ಷ, ಅಂದರೆ 7,80,000. ಏಪ್ರಿಲ್ 30ರವರೆಗೆ ಇದ್ದರೆ 27 ವರ್ಷ, 8,10,000. ಆದ್ದರಿಂದ ರಾಜೀನಾಮೆ ಬರೆಯುವ ಮುನ್ನ ನೇಮಕಾತಿ ಪತ್ರ ತೆಗೆದು ಸೇರಿದ ತಾರೀಖು ನೋಡಿ.

ಈ ಹಣವನ್ನು ಅಂಚೆ ಕಚೇರಿ ಅಥವಾ ಬ್ಯಾಂಕಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಡುವ ಯೋಚನೆಯಿದ್ದರೆ 60 ತುಂಬಿರಬೇಕು. 55ರಿಂದ 60ರೊಳಗೆ ನಿವೃತ್ತರಾದವರೂ ತೆರೆಯಬಹುದು. ಆದರೆ ನಿವೃತ್ತಿಯ ಹಣ ಕೈಸೇರಿದ ಮೂರು ತಿಂಗಳೊಳಗೆ ತೆರೆಯಬೇಕು, ಬಂದ ಹಣಕ್ಕಿಂತ ಹೆಚ್ಚು ಇಡುವಂತಿಲ್ಲ. ಒಬ್ಬರ ಮಿತಿ 30 ಲಕ್ಷ. ಶೇ 8.2ರ ಬಡ್ಡಿಯಲ್ಲಿ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500. ತೆರೆದ ದಿನದ ದರವೇ ಐದು ವರ್ಷ ಇರುತ್ತದೆ.

ಆರೋಗ್ಯ ವಿಮೆಯೇ ನಿಜವಾದ ಗಡುವು

ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೆಲಸದ ಜೊತೆಗೇ ಮುಗಿಯುತ್ತದೆ. ಸ್ವಂತ ಪಾಲಿಸಿಯಲ್ಲಿ, ಮೊದಲೇ ಇರುವ ಸಕ್ಕರೆ ಕಾಯಿಲೆ, ಬಿಪಿಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. 58ಕ್ಕೆ ಬಿಡುವವರು 55ಕ್ಕೇ ಪಾಲಿಸಿ ಮಾಡಿಸಿಕೊಳ್ಳಬೇಕು, ಎರಡು ಪ್ರೀಮಿಯಂ ದಂಡ ಅನ್ನಿಸಿದರೂ ಸರಿ. ಕಾಯಿಲೆ ಮುಚ್ಚಿಟ್ಟು ಮಾಡಿಸಬೇಡಿ, ಕ್ಲೇಮ್ ತಿರಸ್ಕಾರವಾಗಲು ಅದೊಂದೇ ಸಾಕು. ಇನ್ನೂ ಮಾಡಿಸಿಲ್ಲವೆಂದಾದರೆ, ಕೆಲಸ ಬಿಡುವ ಮೊದಲೇ ಅದೇ ವಿಮಾ ಕಂಪನಿಯಲ್ಲಿ ಗುಂಪು ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ಬದಲಾಗಲು ಆಗುತ್ತದೆಯೇ ಎಂದು ಕೇಳಿ.

ಇಎಸ್‌ಐನಲ್ಲಿ (ನೌಕರರ ರಾಜ್ಯ ವಿಮಾ ಯೋಜನೆ) ಇರುವವರಿಗೆ ಬೇರೆ ದಾರಿಯಿದೆ: ಕನಿಷ್ಠ ಐದು ವರ್ಷ ವಿಮಾದಾರರಾಗಿದ್ದು ವಯೋನಿವೃತ್ತಿ ಹೊಂದಿದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಪಡೆಯಬಹುದು. ಅರ್ಧಕ್ಕೆ ಬಿಟ್ಟುಹೋದರೆ ಈ ಸೌಲಭ್ಯ ಕೈತಪ್ಪಬಹುದು.

ಒಂದು ವರ್ಷ ಮುಂಚೆ ಕಾಗದ ಪತ್ರ

ಯುಎಎನ್‌ (ಎಲ್ಲ ಪಿಎಫ್ ಖಾತೆಗಳಿಗೂ ಒಂದೇ ಆದ ಸಂಖ್ಯೆ) ಬಳಸಿ ಪಿಎಫ್ ಜಾಲತಾಣಕ್ಕೆ ಲಾಗಿನ್ ಆಗಿ ಹೆಸರು, ಹುಟ್ಟಿದ ದಿನ ಆಧಾರ್‌ನಂತೆಯೇ ಇವೆಯೇ ನೋಡಿ. ನಮ್ಮಲ್ಲಿ ಇನಿಷಿಯಲ್‌ನದೇ ದೊಡ್ಡ ತಲೆನೋವು: ಒಂದು ಕಡೆ ಹೆಸರಿನ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಅಪ್ಪನ ಹೆಸರು ಬಿಡಿಸಿ ಬರೆದಿರುತ್ತದೆ. ಹಳೆಯ ಕಂಪನಿಗಳ ಖಾತೆ ವರ್ಗವಾಗಿದೆಯೇ, ಅಲ್ಲಿ ಬಿಟ್ಟ ದಿನ ದಾಖಲಾಗಿದೆಯೇ ಎಂದೂ ಪರಿಶೀಲಿಸಿ. ಆ ಕಂಪನಿ ಮುಚ್ಚಿಹೋಗಿದ್ದರೆ ಸರಿಪಡಿಸಲು ತಿಂಗಳುಗಟ್ಟಲೆ ಬೇಕು. ಹಿಂದೊಮ್ಮೆ ಫಾರ್ಮ್ 10ಸಿ ಹಾಕಿ ಪಿಂಚಣಿ ಹಣ ತೆಗೆದಿದ್ದರೆ ಆ ವರ್ಷಗಳು ಸೇವೆಗೆ ಸೇರುವುದಿಲ್ಲ.

58 ದಾಟಿಯೂ ಕೆಲಸದಲ್ಲಿದ್ದರೆ ಪಾಸ್‌ಬುಕ್‌ನ ಪಿಂಚಣಿ ಕಾಲಂ ಗಮನಿಸಿ. ತಿಂಗಳಿಗೆ 1,250 ರೂಪಾಯಿ ಇನ್ನೂ ಅಲ್ಲಿಗೇ ಹೋಗುತ್ತಿದ್ದರೆ ತಪ್ಪು, ಅದು ಪಿಎಫ್‌ಗೆ ಸೇರಬೇಕು. ಸರಿಪಡಿಸುವವರೆಗೆ ಪಿಂಚಣಿ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ಎಚ್‌ಆರ್‌ಗೆ ಲಿಖಿತವಾಗಿ ತಿಳಿಸಿ.

ಇನ್ನು, ನಿವೃತ್ತಿಯ ನಂತರ ಸಲಹೆಗಾರರಾಗಿ ಇಟ್ಟುಕೊಳ್ಳುತ್ತೇವೆಂದು ಮ್ಯಾನೇಜರ್ ಹೇಳಿದ್ದರೆ, ಪತ್ರ ಕೈಗೆ ಬರುವ ತನಕ ಆ ಹಣವನ್ನು ಲೆಕ್ಕಕ್ಕೆ ಸೇರಿಸಬೇಡಿ. ಪಿಂಚಣಿಗೆ ಹಾಕುವುದು ಫಾರ್ಮ್ 10ಡಿ. ಮಂಜೂರಾದ ಮೇಲೆ ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು. ಇಪಿಎಸ್‌ನವರು ಅದಕ್ಕೆ ನವೆಂಬರ್‌ವರೆಗೆ ಕಾಯಬೇಕಿಲ್ಲ, ಕೊಟ್ಟ ದಿನದಿಂದ ಒಂದು ವರ್ಷ ನಡೆಯುತ್ತದೆ.