ಕೆನೆ ತೆಗೆಯಿರಿ, ಹಾಲು ಬಿಡಬೇಡಿ: ತೂಕ ಇಳಿಸುವಾಗ ಮೂಳೆ ಉಳಿಸಿಕೊಳ್ಳುವುದು ಹೇಗೆ?

ತೂಕ ಇಳಿಸಲು ಹೊರಟವರು ಮೊದಲು ಬಿಡುವುದು ಏನನ್ನು ಹೇಳಿ? ರಾತ್ರಿಯ ಮುದ್ದೆ, ಒಂದು ಲೋಟ ಹಾಲು, ಊಟದ ಕೊನೆಯ ಮೊಸರು. ನನ್ನ ಅಕ್ಕನೂ ಹೀಗೇ ಮಾಡಿದಳು. ನಾಲ್ಕು ತಿಂಗಳಲ್ಲಿ ಒಂಬತ್ತು ಕೆಜಿ ಇಳಿದಾಗ ಎಲ್ಲರೂ ಹೊಗಳಿದೆವು. ಮೂಳೆಗೆ ಏನು ಸಿಗುತ್ತಿದೆ ಅಂತ ನಾನೂ ಕೇಳಲಿಲ್ಲ.

ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಮೂಳೆಯೂ ಸ್ವಲ್ಪ ಸವೆಯುತ್ತವೆ. ಮೂಳೆ ಭಾರ ಹೊತ್ತಷ್ಟೂ ಗಟ್ಟಿ. ಹೊರುವ ಭಾರ ತಗ್ಗಿದರೆ ಅದೂ ಸಡಿಲವಾಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಸಾಲದಿದ್ದರಂತೂ, ರಕ್ತಕ್ಕೆ ಬೇಕಾದ್ದನ್ನು ದೇಹ ಮೂಳೆಯಿಂದಲೇ ತೆಗೆದುಕೊಳ್ಳುತ್ತದೆ. ಮುಟ್ಟು ನಿಂತ ಹೆಂಗಸರಿಗೆ ಈ ಅಪಾಯ ಜಾಸ್ತಿ.

1. ಅವಸರ ಬೇಡ

ವಾರಕ್ಕೆ ಅರ್ಧ ಕೆಜಿ ಇಳಿದರೆ ಸಾಕು.

2. ಕ್ಯಾಲ್ಸಿಯಂ ಲೆಕ್ಕ ಹಾಕಿ

ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು, ಮುಟ್ಟು ನಿಂತವರಿಗೆ 1200. ಕೇಳಿದರೆ ದೊಡ್ಡ ಸಂಖ್ಯೆ, ಆದರೆ ನಮ್ಮ ಅಡುಗೆಮನೆಯಲ್ಲೇ ಇದೆ.

ಕಾಯಿಸಿದ ಹಾಲನ್ನು ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಮೇಲೆ ಹಳದಿ ಕೆನೆ ದಪ್ಪಗೆ ಕಟ್ಟಿರುತ್ತದೆ. ಚಮಚದಲ್ಲಿ ಪೂರ್ತಿ ಎತ್ತಿಬಿಡಿ. ಕೊಬ್ಬು ಹೋಗುತ್ತದೆ, ಕ್ಯಾಲ್ಸಿಯಂ ಕೆಳಗಿನ ಹಾಲಲ್ಲೇ ಉಳಿಯುತ್ತದೆ. ಈ ಹಾಲು ಒಂದು ಲೋಟಕ್ಕೆ ಸುಮಾರು 240 ಮಿಲಿಗ್ರಾಂ ಕೊಡುತ್ತದೆ. ಇದಕ್ಕೇ ಹೆಪ್ಪು ಹಾಕಿ, ಮಧ್ಯಾಹ್ನ ಒಂದು ಬಟ್ಟಲು ಮೊಸರು ತಿಂದರೆ ಇನ್ನೊಂದು 200. ನೀರು ಮಜ್ಜಿಗೆಯಲ್ಲಿ ಮೊಸರೇ ಕಡಿಮೆ, ಹಾಗಾಗಿ ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

60 ಗ್ರಾಂ ರಾಗಿ ಹಿಟ್ಟಿನ ಸಣ್ಣ ಮುದ್ದೆಯಲ್ಲಿ ಸುಮಾರು 200 ಇದೆ. ರಾಗಿ ಮೊಳಕೆ ಕಟ್ಟಿಸಿ ಹಿಟ್ಟು ಮಾಡಿಸಿದರೆ ಅದು ದೇಹಕ್ಕೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಅನ್ನ ಕಡಿಮೆ ಮಾಡಿ, ಮುದ್ದೆ ಉಳಿಸಿಕೊಳ್ಳಿ ಅಂತಲೇ ನಾನು ಹೇಳುವುದು. ಜೊತೆಗೆ ಒಂದು ಹಿಡಿ ನುಗ್ಗೆ ಸೊಪ್ಪಿನ ಪಲ್ಯ, ಚಟಪಟ ಅನ್ನುವವರೆಗೆ ಹುರಿದ ಎಳ್ಳಿನ ಪುಡಿ ಒಂದು ಚಮಚ. ಪಾಲಕ್‌ನಲ್ಲೂ ಕ್ಯಾಲ್ಸಿಯಂ ಇದೆ, ಆದರೆ ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಅದನ್ನು ದೇಹಕ್ಕೆ ಸಿಗದಂತೆ ಹಿಡಿದಿಟ್ಟುಕೊಳ್ಳುತ್ತದೆ. ಪಾಲಕ್ ತಿನ್ನಿ, ಮೂಳೆಗಾಗಿ ಅದನ್ನೊಂದನ್ನೇ ನಂಬಬೇಡಿ.

ಉಪ್ಪಿನಕಾಯಿ, ಹಪ್ಪಳಕ್ಕೆ ಕೈ ಬಿಗಿ ಹಿಡಿಯಿರಿ. ಉಪ್ಪು ಹೆಚ್ಚಾದರೆ ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ.

3. ಕಾಳು ಬಿಡಬೇಡಿ

ಬರೀ ಸೌತೆಕಾಯಿ, ಹಣ್ಣು ತಿಂದುಕೊಂಡು ದಿನ ಕಳೆದರೆ ಪ್ರೋಟೀನ್ ಸಿಗುವುದಿಲ್ಲ. ಮೂಳೆಯ ಚೌಕಟ್ಟು ಇರುವುದೇ ಪ್ರೋಟೀನಿನಿಂದ. 60 ಕೆಜಿ ತೂಕದವರು ದಿನಕ್ಕೆ 60 ಗ್ರಾಂ ಗುರಿ ಇಟ್ಟುಕೊಳ್ಳಿ. ಹುರುಳಿಕಾಳಿನ ಸಾರು, ಹೆಸರುಕಾಳಿನ ಉಸಲಿ, ಮೊಟ್ಟೆ, ಮೀನು, ಯಾವುದು ಒಗ್ಗುತ್ತದೋ ಅದು ಪ್ರತಿ ಊಟದಲ್ಲೂ ಇರಲಿ.

4. ಬಿಸಿಲಿಗೆ ಹೋಗಿ, ಭಾರ ಎತ್ತಿ

ಕ್ಯಾಲ್ಸಿಯಂ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಅದು ಊಟದಲ್ಲಿ ಸಿಗುವುದು ಕಡಿಮೆ, ಚರ್ಮಕ್ಕೆ ಬಿಸಿಲು ಬಿದ್ದರೆ ದೇಹವೇ ತಯಾರಿಸುತ್ತದೆ. ವಾಕಿಂಗ್ ಒಳ್ಳೆಯದೇ, ಆದರೆ ಸಾಲದು. ವಾರಕ್ಕೆ ಎರಡು ಮೂರು ದಿನ ಡಂಬೆಲ್ ಎತ್ತಿ, ಇಲ್ಲವಾದರೆ ನೀರು ತುಂಬಿದ ಬಾಟಲಿ. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರಿ.

ಡಯಟ್ ಶುರುವಾದ ಮೇಲೆ ಮುಟ್ಟು ತಪ್ಪಿದರೆ ಸುಮ್ನೆ ಕಾಯಬೇಡಿ, ವೈದ್ಯರನ್ನು ಕಾಣಿ. ಕಿಡ್ನಿಯಲ್ಲಿ ಕಲ್ಲು ಆದವರು ಕ್ಯಾಲ್ಸಿಯಂ ಮಾತ್ರೆಯನ್ನು ಕೇಳಿಯೇ ತಗೊಳ್ಳಿ. ಮುಟ್ಟು ನಿಂತವರು, ಸಣ್ಣ ಪೆಟ್ಟಿಗೇ ಮೂಳೆ ಮುರಿದುಕೊಂಡವರು ಮೂಳೆ ಎಷ್ಟು ಗಟ್ಟಿ ಇದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್ ಬಗ್ಗೆ ವಿಚಾರಿಸಿ. ಹೆಚ್ಚು ಹೊತ್ತಾಗದ, ನೋವಿಲ್ಲದ ಪರೀಕ್ಷೆ ಅದು. ಅಕ್ಕನನ್ನು ನಾನೇ ಕರೆದುಕೊಂಡು ಹೋಗಿದ್ದೆ.