ಹಳೆ ಟ್ರ್ಯಾಕ್ಟರ್ ಹಳಿ ಮ್ಯಾಲೆ ಏರಿಸಿ ವ್ಯಾಗನ್ ಎಳಸಿದ್ದು (ನನ್ನ ಅನುಭವ)

"ಎರಡೂವರೆ ಟನ್ ಟ್ರ್ಯಾಕ್ಟರ್ ಎಂಬತ್ತು ಟನ್ ವ್ಯಾಗನ್ ಎಳೀತೈತೇನೋ ಮಾರಾಯ" ಅಂತ ನಕ್ಕಾವ್ರ ಈಗ ಬಂದು ವಿಡಿಯೋ ಹೊಡ್ಕೊಂಡು ಹೋಗಾಕತ್ತ್ಯಾರ, ಅದಕ್ಕ ಬರದ ಬಿಡೂಣು ಅಂದ್ಕೊಂಡ್ನಿ.

ಬಾಗಲಕೋಟಿ ಕಡೆ ಒಂದು ಫ್ಯಾಕ್ಟರಿ ಸೈಡಿಂಗ್ (ಫ್ಯಾಕ್ಟರಿ ಒಳಗ ಬರೂ ಸ್ವಂತ ಹಳಿ), ಹೆಸರು ಬ್ಯಾಡ. ಇಂಜಿನ್ ರೇಕ್ (ವ್ಯಾಗನ್ ಸಾಲು) ಬಿಟ್ಟು ಹೋತಂದ್ರ ವ್ಯಾಗನ್ ಸರಸೂದು ನಮ್ಮ ಪಾಲಿಗೆ. ಮೊದಲ ಹಮಾಲರು ಹಾರಿ ಹಾಕಿ ಮೀಟತಿದ್ರು, ಆಮ್ಯಾಲೆ ಜೆಸಿಬಿ ಬಕೆಟ್ ಹಚ್ಚಿ ನೂಕಸಿದ್ರ ವ್ಯಾಗನ್ ಬಾಡಿ ನೆಗ್ಗಿ ದಂಡ ಬಿತ್ತು, ಕೊಟ್ಟ ಟೈಮ್ ಮೀರಿದ್ರ ಡೆಮರೇಜ್ (ತಡ ಮಾಡಿದ್ದಕ್ಕ ರೈಲ್ವೆ ಹಾಕೂ ದಂಡ) ಬ್ಯಾರೆ. ರೆಡಿ ಶಂಟರ್ (ವ್ಯಾಗನ್ ಸರಸೂ ಮಷಿನ್) ರೇಟ್ ಕೇಳಿದ್ರ ಅರ್ಧ ಕೋಟಿ ಮ್ಯಾಲೆ ಅಂದ್ರು.

55 ಎಚ್‌ಪಿ ಹಳೆ ಟ್ರ್ಯಾಕ್ಟರ್ ಎರಡೂಕಾಲು ಲಕ್ಷದಾಗ ಸಿಕ್ತು. ಬ್ರಾಡ್ ಗೇಜ್ ಒಳ ಅಳತಿ 1676 ಮಿಮೀ, ಹಳಿ ನಡುವಿನಿಂದ ನಡುವಿಗೆ 1745ರ ಆಸುಪಾಸು, ಹಿಂದಿನ ಟೈರ್ ಅಲ್ಲಿಗೆ ಸರಸೂದು ಕಷ್ಟ ಅಲ್ಲ. ನಮ್ಮ ಗದಗ-ಹೋಟಗಿ ಲೈನ್ ಇನ್ನೂ ಮೀಟರ್ ಗೇಜ್ (ಬರೇ ಒಂದು ಮೀಟರ್ ಅಗಲ) ಇದ್ದಿದ್ರ ಈ ಐಡಿಯಾ ಅಲ್ಲೇ ಸಾಯತಿತ್ತು.

ಆದ್ರ ಟ್ರ್ಯಾಕ್ಟರ್ ಟೈರ್ ಉಪಯೋಗ ಇಲ್ಲ. ಹಳಿ ತಲಿ ಎಪ್ಪತ್ತು ಮಿಮೀ ಅಗಲ, ಒಂದು ಹಲ್ಲು ಹತ್ತಿದ್ರ ಮುಂದಿಂದು ತಪ್ಪತೈತಿ, ಗಾಡಿ ಎತ್ತಿ ಎತ್ತಿ ಒಗೀತಿತ್ತು. ಲಾರಿ 20 ಇಂಚಿನ ರಿಮ್ ಕೊಯ್ದು ಟ್ರ್ಯಾಕ್ಟರ್ ಡಿಸ್ಕಿಗೆ ವೆಲ್ಡ್ ಮಾಡಿ ರಿಮೋಲ್ಡ್ ಲಾರಿ ಟೈರ್ ಹಾಕಿದ್ನಿ. ಗಾಲಿ ಸಣ್ಣದಾಗಿ ಸ್ಪೀಡ್ ಇಳೀತು, ಎಳ್ಯೂ ತಾಕತ್ತು ಕಾಲುಭಾಗ ಏರ್ತು, ಇದು ಪುಕ್ಕಟೆ ಲಾಭ.

ಗೈಡ್ ಗಾಲಿ (ಗಾಡಿ ಹಳಿ ಬಿಡದಂಗ ಹಿಡಿಯೂ ಸಣ್ಣ ಗಾಲಿ) ರೊಕ್ಕ ತಿಂದ್ವು. ಬೀಡಿನ ಗಾಲಿ ಎರಕ ಹೊಯ್ಸಿದ್ರ ಪಾಯಿಂಟ್ಸ್ (ಹಳಿ ಕವಲೊಡೆಯೂ ಜಾಗ) ದಾಟೂ ಮುಂದ ಫ್ಲೇಂಜ್ (ಗಾಲಿ ಅಂಚು) ಬಿಸ್ಕೀಟ್ ಮುರದಂಗ ಮುರೀತು, ಮೂವತ್ತು ಸಾವಿರ ನೀರಾಗ. ಕಡೀಕ ಸ್ಟೀಲ್ ರೌಂಡ್ ತಂದು ನಮ್ಮ ಲೇತಿನಾಗ ತಿರಿಗಿಸಿದ್ನಿ. ಹಿಂದಿನ ಗೈಡ್ ಮ್ಯಾಲೆ ಸ್ಪ್ರಿಂಗ್ ಎಷ್ಟು ಬಿಗೀಬೇಕು ಅನ್ನೂದ್ರಾಗ ಆಟ ಐತಿ. ಜಾಸ್ತಿ ಆದ್ರ ಟೈರ್ ಹಗರಾಗಿ ಜಾರತೈತಿ, ಕಮ್ಮಿ ಆದ್ರ ಹಳಿ ಬಿಡತೈತಿ. ನನ್ನ ಅಳತಿ ನನ್ ಹತ್ರ ಇರ್ಲಿ.

ಇನ್ನ ಕಪ್ಲರ್. ವ್ಯಾಗನ್ ಸಿಬಿಸಿ (ವ್ಯಾಗನ್ ಒಂದಕ್ಕೊಂದು ಕೂಡಿಸೂ ನಡುವಿನ ಕೊಂಡಿ) ಹಳಿಯಿಂದ ಮೀಟರ್ ಮ್ಯಾಲೆ ಎತ್ತರ, ಅದಕ್ಕ ನೇರ ಕಟ್ಟಿ ಎಳದ್ರ ಟ್ರ್ಯಾಕ್ಟರ್ ಮೂತಿ ಮ್ಯಾಲೆ ಎತ್ತತೈತಿ. ಮುಂದ ಹಳೆ ಹಳಿ ತುಂಡು ಏಳೆಂಟು ಕ್ವಿಂಟಲ್ ಹೇರಿ, ಹಿಂದ ಟೈರಿನಾಗ ನೀರು ತುಂಬಿಸಿ, ಎಳ್ಯೂ ಬಾರ್ ಕೆಳಗ ತಂದ ಮ್ಯಾಲೆ ನಿಂತ್ಕೊಂತು.

ನಡುವ ಒಂದು ಹುಚ್ಚು ಹಿಡದು ಪಿಟಿಓಗೆ (ಟ್ರ್ಯಾಕ್ಟರ್ ಹಿಂದ ತಿರಗೂ ಶಾಫ್ಟ್) ಲಾರಿ ಕಂಪ್ರೆಸರ್ ಕೂಡಿಸಿದ್ದೆ. ವ್ಯಾಗನ್ ಬ್ರೇಕ್ ಪೈಪಿಗೆ 5 ಕೆಜಿ ಪ್ರೆಶರ್ ಗಾಳಿ ಬೇಕಲ್ಲ, ತುಂಬತೈತಿ, ಆದ್ರ ಅಷ್ಟೊತ್ತಿಗೆ ಚಾ ಕುಡದು ಬರಬಹುದು. ಈಗ ಇಳಿಜಾರಿದ್ದ ಕಡೆ ಅಷ್ಟ ಹಚ್ಚತೀನಿ. ಉಳದಲ್ಲೆಲ್ಲಾ ರಿಲೀಸ್ ಹ್ಯಾಂಡಲ್ ಎಳದು ಸಿಲಿಂಡರ್ ಗಾಳಿ ಬಿಟ್ಟು, ಹ್ಯಾಂಡ್‌ಬ್ರೇಕಿಗೆ ಒಬ್ಬ, ಕಟಿಗಿ ಬೆಣಿಗೆ ಒಬ್ಬ, ಮನಷ್ಯಾನ ನಡಿಗಿಕಿಂತ ಜೋರ ಹೋಗಂಗಿಲ್ಲ.

ಒಟ್ಟು ನಾಲ್ಕೂವರೆ ಲಕ್ಷದಾಗ ಮುಗೀತು. ಸಪಾಟ ಒಣ ಹಳಿ ಮ್ಯಾಲೆ ಲೋಡ್ ಇದ್ರ ಎರಡು ವ್ಯಾಗನ್, ಖಾಲಿ ಇದ್ರ ಐದಾರು ಎಳೀತೈತಿ. ವಿಜಯಪುರದಿಂದ ಒಬ್ರು ಇಂಥಾದ್ದ ಬೇಕು ಅಂದ್ರು, ಏಳು ಲಕ್ಷ ಹೇಳೀನಿ, ಚೌಕಾಸಿ ನಡದೈತಿ. ಇದು ಫ್ಯಾಕ್ಟರಿ ಸ್ವಂತ ಹಳಿಗೆ ಅಷ್ಟ, ರೈಲ್ವೆ ಲೈನಿಗೆ ಗಾಲಿ ಇಡೂ ವಿಚಾರನೂ ಮಾಡಬ್ಯಾಡ್ರಿ. ಮತ್ತ ಮಳಿ ಹನಿ ಬಿದ್ರ ಹಿಡತ ಅರ್ಧಕ್ಕ ಬರತೈತಿ, ಅವತ್ತು ಲೋಡ್ ವ್ಯಾಗನ್ ಒಂದ ಕಟ್ಟ್ರಿ.